ಮೆಂಫಿಸ್‌ನ ರಾಷ್ಟ್ರೀಯ ನಾಗರಿಕ ಹಕ್ಕುಗಳ ಮ್ಯೂಸಿಯಂ: ಚಳವಳಿಯ ಒಳಕೆಲಸವನ್ನು ತೋರಿಸುವ ಜಾಗ

ಅಮೆರಿಕದ ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿರುವ ಈ ಮ್ಯೂಸಿಯಮ್ಮಿಗೆ ಬರುವವರಲ್ಲಿ ಹೆಚ್ಚಿನವರು 306ನೆಯ ಕೋಣೆಯನ್ನು ನೋಡಲೆಂದೇ ಬರುತ್ತಾರೆ. 1968ರ ಏಪ್ರಿಲ್ 4ರ ಸಂಜೆ ಆರು ಗಂಟೆ ಒಂದು ನಿಮಿಷಕ್ಕೆ ಆ ಕೋಣೆಯ ಮುಂದಿನ ಬಾಲ್ಕನಿಯಲ್ಲಿ ನಿಂತಿದ್ದ, ಕಪ್ಪು ಜನರ ಸಮಾನ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರು ಗುಂಡಿಗೆ ಬಲಿಯಾದರು. ನನ್ನ ಮಟ್ಟಿಗೆ ಟಿಕೆಟ್ಟಿನ ಹಣ ಸಾರ್ಥಕವೆನಿಸಿದ್ದು ಆ ಕೋಣೆಯನ್ನು ತಲುಪುವ ಮೊದಲು ಸಿಗುವ ಗ್ಯಾಲರಿಗಳಲ್ಲಿ. ಕರಪತ್ರ ಅಚ್ಚು ಹಾಕಿದವರು ಯಾರು, ಕಾರು ಕೊಟ್ಟವರು ಯಾರು, ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಯಾರು ಎಂಬುದನ್ನು ಅವು ಬಿಡಿಸಿ ತೋರಿಸುತ್ತವೆ.

ಕಟ್ಟಡದ ಕಥೆಯೇ ಒಂದು ಅಧ್ಯಾಯ. ವರ್ಣಭೇದದ ಕಾಲದಲ್ಲಿ ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಕೋಣೆ ಸಿಗುತ್ತಿರಲಿಲ್ಲ. 1945ರಲ್ಲಿ ಇದನ್ನು ಕೊಂಡ ವಾಲ್ಟರ್ ಮತ್ತು ಲೋರಿ ಬೇಲಿ ದಂಪತಿ ಇದನ್ನು ಅಂಥವರು ನೆಮ್ಮದಿಯಿಂದ ಇಳಿದುಕೊಳ್ಳಬಹುದಾದ ಲೊರೇನ್ ಮೋಟೆಲ್ ಆಗಿ ಬೆಳೆಸಿದರು. ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್‌ರಂಥ ಗಾಯಕರೂ ಇಲ್ಲಿ ತಂಗಿದ್ದವರೇ. ಕಿಂಗ್ ಅವರಿಗೆ ಗುಂಡು ಬಿದ್ದ ದಿನವೇ ಲೋರಿ ಮೆದುಳಿನ ರಕ್ತಸ್ರಾವದಿಂದ ಕುಸಿದರು, ಕಿಂಗ್ ಅವರ ಅಂತ್ಯಕ್ರಿಯೆಯ ದಿನ ತೀರಿಕೊಂಡರು. ನಷ್ಟಕ್ಕೆ ಬಿದ್ದ ಮೋಟೆಲ್ 1982ರಲ್ಲಿ ಹರಾಜಿಗೆ ಬಂದಾಗ ಸ್ಥಳೀಯರು ಕಟ್ಟಿದ ಸಂಸ್ಥೆಯೊಂದು 1,44,000 ಡಾಲರಿಗೆ ಅದನ್ನು ಉಳಿಸಿಕೊಂಡಿತು. 1991ರಲ್ಲಿ ಮ್ಯೂಸಿಯಂ ತೆರೆಯಿತು. ದೊಡ್ಡ ನವೀಕರಣದ ನಂತರ 2014ರಲ್ಲಿ ಈಗಿನ ರೂಪ ಪಡೆಯಿತು.

ಗುಲಾಮರ ವ್ಯಾಪಾರದಿಂದ ಆರಂಭವಾಗುವ ದಾರಿ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದ ಬಸ್ಸಿನ ಬಳಿ ಬಂದಾಗ ನಿಲ್ಲಲೇಬೇಕು. ಬಸ್ಸಿನೊಳಗೆ, ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರ ಪ್ರತಿಮೆ ಕುಳಿತಿದೆ. ಅದರ ಹತ್ತಿರ ಕುಳಿತರೆ ಎದ್ದು ಹಿಂದಕ್ಕೆ ಹೋಗೆಂದು ಗದರಿಸುವ ಚಾಲಕನ ಧ್ವನಿ ಕೇಳಿಸುತ್ತದೆ. ಮಕ್ಕಳು ಮೊದಲು ನಗುತ್ತಾರೆ, ಗದರಿಕೆ ಜೋರಾದಂತೆ ನಗು ನಿಲ್ಲುತ್ತದೆ. ಆದರೆ ಈ ಗ್ಯಾಲರಿಯ ನಿಜವಾದ ಸೊಗಸಿರುವುದು ಬಸ್ಸಿನ ಹೊರಗೆ, ಬಸ್ಸುಗಳನ್ನು ಬಹಿಷ್ಕರಿಸಿ ನಡೆದೇ ಕೆಲಸಕ್ಕೆ ಹೋದ ಹೆಂಗಸರಿಗೆ ಕೊಟ್ಟಿರುವ ಜಾಗದಲ್ಲಿ. 1955ರ ಡಿಸೆಂಬರ್ 1ರಂದು ಪಾರ್ಕ್ಸ್ ಬಂಧನವಾದ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ನಿದ್ದೆಗೆಟ್ಟು ಬಸ್ ಬಹಿಷ್ಕಾರಕ್ಕೆ ಕರೆ ಕೊಡುವ ಸಾವಿರಾರು ಕರಪತ್ರಗಳ ಪ್ರತಿ ತೆಗೆದರು. ಇಪ್ಪತ್ತಾರು ವರ್ಷದ ಪಾದ್ರಿ ಕಿಂಗ್ ನಾಯಕರಾಗಿ ಆಯ್ಕೆಯಾದದ್ದು ಅದಾದ ಮೇಲೆ. 381 ದಿನಗಳ ಬಹಿಷ್ಕಾರ ಭಾಷಣಗಳಿಂದಷ್ಟೇ ನಡೆಯಲಿಲ್ಲ, ನೂರಾರು ಕಾರುಗಳ ಸರದಿ, ಚರ್ಚುಗಳಲ್ಲಿ ಎತ್ತಿದ ಚಂದಾ ಮತ್ತು ಬೇರೆ ನಾಲ್ವರು ಮಹಿಳೆಯರ ಹೆಸರಿನಲ್ಲಿ ನಡೆದ ಮೊಕದ್ದಮೆಯ ಮೇಲೆ ನಿಂತಿತ್ತು. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, ಬಸ್ಸುಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದ ಆ ಮೊಕದ್ದಮೆಯ ತೀರ್ಪನ್ನೇ.

ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊದ ಕಪ್ಪು ವಿದ್ಯಾರ್ಥಿಗಳು 1960ರಲ್ಲಿ ಧರಣಿ ಕುಳಿತ, ಬಿಳಿಯರಿಗಷ್ಟೇ ಬಡಿಸುತ್ತಿದ್ದ ಊಟದ ಕೌಂಟರ್, ಬಸ್ ಪ್ರಯಾಣದ ವರ್ಣಭೇದವನ್ನು ಪ್ರಶ್ನಿಸಲು ಹೊರಟ ಚಳವಳಿಗಾರರಿದ್ದು 1961ರಲ್ಲಿ ಬಿಳಿಯರ ಗುಂಪಿನ ದಾಳಿಗೆ ಸುಟ್ಟು ಕರಕಲಾದ ಗ್ರೇಹೌಂಡ್ ಕಂಪನಿಯ ಬಸ್ಸು, ಇವೆಲ್ಲ ಮರುಸೃಷ್ಟಿಗಳಾದರೂ ಪರಿಣಾಮಕಾರಿಯಾಗಿವೆ. ಭಾರತದಿಂದ ಬಂದವರು ಧರಣಿಯ ಗ್ಯಾಲರಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲಬಹುದು. ಬೈದರೂ ಹೊಡೆದರೂ ಕೈ ಎತ್ತದಿರುವ ತರಬೇತಿಯನ್ನು ನ್ಯಾಶ್ವಿಲ್‌ನ ವಿದ್ಯಾರ್ಥಿಗಳಿಗೆ ಕೊಟ್ಟ ಜೇಮ್ಸ್ ಲಾಸನ್ 1950ರ ದಶಕದಲ್ಲಿ ಸುಮಾರು ಮೂರು ವರ್ಷ ನಾಗಪುರದಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದ್ದರು. 1968ರಲ್ಲಿ ಕಿಂಗ್ ಅವರನ್ನು ಮೆಂಫಿಸ್‌ಗೆ ಕರೆಸಿದವರೂ ಅವರೇ.

ಕರೆಸಿದ್ದು ಪೌರಕಾರ್ಮಿಕರ ಮುಷ್ಕರಕ್ಕಾಗಿ. ಮ್ಯೂಸಿಯಮ್ಮಿನ ಅತ್ಯುತ್ತಮ ಭಾಗ ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಗ್ಯಾಲರಿಯಲ್ಲಿ ಕಸದ ಲಾರಿಯನ್ನೇ ತಂದು ನಿಲ್ಲಿಸಿದ್ದಾರೆ. 1968ರ ಫೆಬ್ರವರಿ 1ರಂದು ಸುರಿಯುವ ಮಳೆಯಲ್ಲಿ ಲಾರಿಯ ಹಿಂಬದಿಯಲ್ಲಿ ಆಸರೆ ಪಡೆದಿದ್ದ ಎಕೊಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಕಾರ್ಮಿಕರನ್ನು ಕಸ ಒತ್ತುವ ಯಂತ್ರ ಒಳಗೆಳೆದು ಕೊಂದಿತು. ಹನ್ನೊಂದು ದಿನಗಳ ನಂತರ ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಳದ ಜೊತೆಗೆ ಅವರು ಕೇಳಿದ್ದು ತಮ್ಮ ಸಂಘಕ್ಕೆ ಮಾನ್ಯತೆ. ಮೇಯರ್ ಹೆನ್ರಿ ಲೋಬ್ ಅದಕ್ಕೆ ಒಪ್ಪಲಿಲ್ಲ. 'ಐ ಆ್ಯಮ್ ಎ ಮ್ಯಾನ್' (ನಾನೂ ಒಬ್ಬ ಮನುಷ್ಯ) ಎಂಬ ಫಲಕ ಹಿಡಿದು ಸಾಲಾಗಿ ನಡೆದವರ ಎದುರಿಗೆ ರಾಷ್ಟ್ರೀಯ ಗಾರ್ಡ್ ಪಡೆಯ ಬಯೊನೆಟ್ಟುಗಳಿದ್ದವು. ನಮ್ಮೂರುಗಳಲ್ಲಿ ಪೌರಕಾರ್ಮಿಕರು ಮ್ಯಾನ್‌ಹೋಲಿಗೆ ಇಳಿದು ಸತ್ತ ಸುದ್ದಿಯನ್ನು ಓದಿದವರಿಗೆ ಆ ಲಾರಿಯ ಮುಂದೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಕಿಂಗ್ ಕೊಲೆಯಾದ ಹನ್ನೆರಡು ದಿನಕ್ಕೆ, ಏಪ್ರಿಲ್ 16ರಂದು, ನಗರಾಡಳಿತ ಸಂಘಕ್ಕೆ ಮಾನ್ಯತೆ ಕೊಟ್ಟು ಒಪ್ಪಂದಕ್ಕೆ ಬಂತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಕುಂಟುತ್ತಿದ್ದ ವಸತಿ ತಾರತಮ್ಯ ನಿಷೇಧದ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಬಿದ್ದದ್ದೂ ಅದೇ ತಿಂಗಳ 11ರಂದು.

306ನೆಯ ಕೋಣೆಯನ್ನು ಗಾಜಿನಾಚೆಯಿಂದಷ್ಟೇ ನೋಡಬಹುದು: ಮುದುಡಿದ ಹಾಸಿಗೆ, ಕಾಫಿ ಬಟ್ಟಲುಗಳು, ಬೂದಿಬಟ್ಟಲು. ಇಲ್ಲಿ ಅತಿರೇಕವಿಲ್ಲ, ಮಾತೂ ಕಡಿಮೆ. ಅಷ್ಟರ ಮಟ್ಟಿಗೆ ಆಯೋಜಕರ ಸಂಯಮ ಮೆಚ್ಚತಕ್ಕದ್ದು. ಅದೇ ಸಂಯಮ ರಸ್ತೆಯಾಚೆ, ಗುಂಡು ಹಾರಿದ ಬೋರ್ಡಿಂಗ್ ಹೌಸಿನ ಕಟ್ಟಡವನ್ನು 2002ರಲ್ಲಿ ಮ್ಯೂಸಿಯಮ್ಮಿಗೆ ಸೇರಿಸಿಕೊಂಡಾಗ ಸಡಿಲಿತು ಎಂಬುದು ನನ್ನ ತಕರಾರು. ಜೇಮ್ಸ್ ಅರ್ಲ್ ರೇ ಹಾರಿಸಿದ ಗುಂಡು, ಬಂದೂಕು, ಪಿತೂರಿಯ ಊಹೆಗಳಿಗೆ ಕೊಟ್ಟ ಸ್ಥಳದಲ್ಲಿ ಒಂದು ಪಾಲನ್ನು ಮುಷ್ಕರ ಮುಗಿದ ಮೇಲೆ ಆ ಕಾರ್ಮಿಕರ ಬದುಕು ಏನಾಯಿತೆಂಬುದಕ್ಕೆ ಕೊಟ್ಟಿದ್ದರೆ ಚೆನ್ನಾಗಿತ್ತು. ಇನ್ನೂ ತೀಕ್ಷ್ಣವಾದ ವಿಮರ್ಶೆ ಬಂದದ್ದು ಹೊರಗಿನಿಂದ. ಮ್ಯೂಸಿಯಂ ಕೆಲಸಕ್ಕಾಗಿ 1988ರಲ್ಲಿ ಹೊರಹಾಕಲ್ಪಟ್ಟ ಮೋಟೆಲಿನ ಕೊನೆಯ ನಿವಾಸಿ, ಈ ಹಣವನ್ನು ಬಡವರ ವಸತಿಗೆ ಬಳಸಬೇಕಿತ್ತೆಂದು ಪಕ್ಕದ ರಸ್ತೆಯಲ್ಲೇ ದಶಕಗಳ ಕಾಲ ಧರಣಿ ಕುಳಿತರು. ಒಳಗಿನ ಯಾವ ಫಲಕಕ್ಕೂ ಕಡಿಮೆಯಿಲ್ಲದ ವಾದ ಅದು.

ಹೋಗುವವರು ಕನಿಷ್ಠ ಮೂರು ಗಂಟೆ ಕೈಯಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಓದುವುದು ಬಹಳವಿದೆ. ಅವಸರವಿದ್ದರೆ ಆರಂಭದ ಗ್ಯಾಲರಿಗಳನ್ನು ಬೇಗ ಮುಗಿಸಿ ಮಾಂಟ್ಗೊಮರಿ ಮತ್ತು ಮೆಂಫಿಸ್ ಭಾಗಗಳಿಗೆ ಸಮಯ ಉಳಿಸಿಕೊಳ್ಳುವುದು ಲೇಸು. ತೀರಾ ಚಿಕ್ಕ ಮಕ್ಕಳಿಗೆ ಸುಟ್ಟ ಬಸ್ಸಿನ ಚಿತ್ರಗಳು ಭಾರವಾಗಬಹುದು, ಹೈಸ್ಕೂಲಿನವರನ್ನು ಧಾರಾಳವಾಗಿ ಕರೆದೊಯ್ಯಬಹುದು. ಮಂಗಳವಾರ ಸಾಮಾನ್ಯವಾಗಿ ರಜೆ ಇರುವುದರಿಂದ ಪ್ರಯಾಣದ ದಿನವನ್ನು ನೋಡಿಕೊಂಡು ಟಿಕೆಟ್ ತೆಗೆಯಿರಿ.