ಬೇಬ್ ರೂತ್ ಅಥವಾ ಹ್ಯಾಂಕ್ ಆರನ್: ಮೊದಲು ಯಾರ ಬಗ್ಗೆ ಓದಬೇಕು?

ಬೇಸ್‌ಬಾಲ್ ಈಗಷ್ಟೇ ಹಿಡಿಸಿದೆ, ಒಬ್ಬ ದೊಡ್ಡ ಆಟಗಾರನ ಬಗ್ಗೆ ಪೂರ್ತಿ ತಿಳಿಯಬೇಕು ಅನ್ನುವವರಿಗೆ ಈ ಎರಡು ಹೆಸರು ಸಿಕ್ಕೇ ಸಿಗುತ್ತವೆ.

ರೂತ್ ಅವರದು ಅಬ್ಬರದ ಕಥೆ. ಬಾಸ್ಟನ್ ರೆಡ್ ಸಾಕ್ಸ್‌ನಲ್ಲಿ ಅವರು ಒಳ್ಳೆಯ ಪಿಚರ್, ಅಂದರೆ ಚೆಂಡು ಎಸೆಯುವವರು. ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಾಟವಾದ ಮೇಲೆ ಬ್ಯಾಟೇ ಅವರ ಗುರುತಾಯಿತು. 1920ರಲ್ಲಿ 54 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವ ರನ್) ಹೊಡೆದರು. ಆ ವರ್ಷ ಅಮೆರಿಕನ್ ಲೀಗ್‌ನ ಬೇರೆ ಯಾವ ಒಂದು ತಂಡವೂ, ಅದರ ಆಟಗಾರರೆಲ್ಲರದ್ದೂ ಸೇರಿಸಿದರೂ, ಅಷ್ಟು ಹೊಡೆಯಲಿಲ್ಲ! 1927ರಲ್ಲಿ 60. ಒಟ್ಟು 714.

ಆರನ್ ಒಂದು ಸೀಸನ್‌ನಲ್ಲಿ 50 ಮುಟ್ಟಲೇ ಇಲ್ಲ. ಅತಿ ಹೆಚ್ಚು ಅಂದರೆ 47. ಆದರೆ 23 ಸೀಸನ್ ಬಿಡದೆ ಆಡಿ 755 ತಲುಪಿದರು. ಅವರ 3,771 ಹಿಟ್‌ಗಳಲ್ಲಿ (ಬೇಸ್ ತಲುಪಿಸಿದ ಹೊಡೆತಗಳಲ್ಲಿ) ಹೋಮ್ ರನ್ ಎಲ್ಲಾ ಕಳೆದರೂ 3,016 ಉಳಿಯುತ್ತವೆ. ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಇನ್ನೊಂದು ವ್ಯತ್ಯಾಸ ಮರೆಯಬಾರದು. ರೂತ್ ಆಡಿದ ಕಾಲದಲ್ಲಿ ಬೇಸ್‌ಬಾಲ್‌ನ ಅತಿ ದೊಡ್ಡ ಮಟ್ಟವಾದ ಮೇಜರ್ ಲೀಗ್‌ಗೆ ಕಪ್ಪು ಆಟಗಾರರಿಗೆ ಪ್ರವೇಶವೇ ಇರಲಿಲ್ಲ. ಅಲಬಾಮಾದ ಮೊಬೈಲ್‌ನಲ್ಲಿ ಹುಟ್ಟಿದ ಆರನ್, ಕಪ್ಪು ಆಟಗಾರರಿಗಾಗಿದ್ದ ನೀಗ್ರೋ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಿಂದ ಮೇಲೆ ಬಂದವರು. ರೂತ್ ದಾಖಲೆ ಹತ್ತಿರವಾದಂತೆ ಅವರಿಗೆ ದ್ವೇಷದ ಪತ್ರಗಳು ಬಂದವು, ಕೊಲೆ ಬೆದರಿಕೆಯೂ ಬಂತು.

ಆಟ ಹೇಗೆ ಬದಲಾಯಿತು ಅಂತ ತಿಳಿಯೋಕೆ ರೂತ್ ಸಾಕು. ಆಟದ ಜೊತೆ ಆ ದೇಶವೂ ಅರ್ಥವಾಗಬೇಕು ಅಲ್ವಾ? ಹಾಗಿದ್ದರೆ ಆರನ್ ಅವರಿಂದ ಶುರುಮಾಡಿ. 1974ರ ಏಪ್ರಿಲ್ 8, ಅಟ್ಲಾಂಟಾ, ರೂತ್ ದಾಖಲೆ ಮುರಿದ 715ನೇ ಹೋಮ್ ರನ್. ಮೊದಲು ಆ ರಾತ್ರಿಯ ವಿಡಿಯೋ ನೋಡಿ.