ಬೆವರು, ಧೂಳು, ನೀರಿಗೆ ತಾಳುವ ವಾಚು ಯಾವುದು?

ದಿನಾ ಕಟ್ಟಲು ನಾಲ್ಕು ವಾಚುಗಳ ಹೋಲಿಕೆ ಇದು: ಎಚ್‌ಎಂಟಿ ಜನತಾ, ಸೊನಾಟಾದ ಸಾದಾ ಮುಳ್ಳಿನ ವಾಚು, ಕ್ಯಾಸಿಯೊ ಎಫ್-91ಡಬ್ಲ್ಯೂ, ಕ್ಯಾಸಿಯೊ ಎಂಆರ್‌ಡಬ್ಲ್ಯೂ-200ಎಚ್. ಎಚ್‌ಎಂಟಿ ವಾಚು ಕಾರ್ಖಾನೆ ಇದ್ದ ತುಮಕೂರಿನಲ್ಲಿ ಆ ಹೆಸರಿಗೆ ಇರುವ ಮಮತೆ ನಮಗೂ ಇದೆ. ಆದರೆ ಕಂಪನಿಯ ವಾಚು ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ತೀರ್ಮಾನಿಸಿತು, ಆಮೇಲೆ ಕೊಳ್ಳುವವರು ಕಣ್ಣು ತೆರೆದು ಕೊಳ್ಳಬೇಕು.

ಸಮಯದ ನಿಖರತೆ ಬೇಗ ಇತ್ಯರ್ಥವಾಗುತ್ತದೆ. 17 ಜ್ಯುವೆಲ್‌ನ (ಒಳಗಿನ ಚಕ್ರಗಳ ಸವೆತ ತಡೆಯುವ ಸಣ್ಣ ಕಲ್ಲುಗಳು) ಜನತಾಗೆ ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟು, ಸರ್ವಿಸ್ ಸರಿಯಾಗಿ ಮಾಡಿಸಿದ್ದರೂ ದಿನಕ್ಕೆ ಅರ್ಧ ನಿಮಿಷ ಹಿಂದೆಮುಂದೆ ಆಗುವುದು ಸಹಜ. ಎಫ್-91ಡಬ್ಲ್ಯೂಗೆ ಕಂಪನಿ ಹೇಳುವ ವ್ಯತ್ಯಾಸ ತಿಂಗಳಿಗೆ 30 ಸೆಕೆಂಡು, ಎಂಆರ್‌ಡಬ್ಲ್ಯೂಗೆ 20. ಜನತಾದ ದಿನದ ತಪ್ಪು ಇವುಗಳ ತಿಂಗಳ ತಪ್ಪಿಗೆ ಹೆಚ್ಚುಕಡಿಮೆ ಸಮ. ಜನತಾ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಹೆಚ್ಚಾಗಿ ಕಾರಣ ಅಯಸ್ಕಾಂತ. ಸ್ಪೀಕರ್ ಪಕ್ಕ ಇಟ್ಟಾಗ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಿಪೇರಿ ಅಂಗಡಿಯಲ್ಲಿ ಡಿಮ್ಯಾಗ್ನೆಟೈಸ್ ಮಾಡಿಸಿದರೆ, ಅಂದರೆ ಆ ಅಯಸ್ಕಾಂತ ಗುಣ ತೆಗೆಸಿದರೆ, ಸರಿಹೋಗುತ್ತದೆ.

ಉಳಿದ ಮೂರು ಸೆಲ್ ವಾಚುಗಳ ನಡುವೆ ಆಯ್ಕೆ ಮಾಡುವಾಗ ಸೆಕೆಂಡು ಎಣಿಸುತ್ತ ಕೂರಬೇಡಿ. ನಮ್ಮ ಕಡೆ ವಾಚು ಸಾಯುವುದು ನೀರು, ಬೆವರಿನಿಂದ. ಡಯಲ್ ಮೇಲೆ 30 ಮೀಟರ್ ಎಂದಿದ್ದರೆ ಅಷ್ಟು ಆಳ ಇಳಿಯಬಹುದು ಎಂದಲ್ಲ. ಮಳೆಹನಿ, ಕೈತೊಳೆಯುವ ನೀರು, ಅಷ್ಟಕ್ಕೆ ಸಾಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಬೇಸಿನ್ ಹತ್ತಿರ ಬಿಸಿನೀರು, ಹಬೆಯಲ್ಲಿ ಕೆಲಸ ಮಾಡುವವರಿಗೆ, ಕೋಲಾರದ ತೋಟದಲ್ಲಿ ಟೊಮೆಟೊಗೆ ಔಷಧಿ ಹೊಡೆಯುವವರಿಗೆ ಅದು ಸಾಲದು. ಈ ನಾಲ್ಕರಲ್ಲಿ 100 ಮೀಟರ್‌ನದು ಎಂಆರ್‌ಡಬ್ಲ್ಯೂ ಒಂದೇ. ಅದನ್ನೂ ಬಿಸಿನೀರಲ್ಲಿ ಅದ್ದಬಾರದು, ಒಳಗಿನ ರಬ್ಬರ್ ವಾಷರ್ ಬಿಗಿ ಕಳೆದುಕೊಳ್ಳುತ್ತದೆ. ಔಷಧಿ ಬೆರೆಸುವಾಗಲಂತೂ ಯಾವ ವಾಚಾದರೂ ಬಿಚ್ಚಿಡಿ. ಔಷಧಿಯಲ್ಲಿರುವ ದ್ರಾವಕ ಪ್ಲಾಸ್ಟಿಕ್ ಗ್ಲಾಸನ್ನು ಮಂಜಾಗಿಸುತ್ತದೆ.

ಮುಳ್ಳಿನ ವಾಚು ಕೊಳ್ಳುವಾಗ ಹಿಂದೆ ತಿರುಗಿಸಿ ಓದಿ. 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದಿದ್ದರೆ ಮುಚ್ಚಳ ಮಾತ್ರ ಸ್ಟೀಲು; ಕೇಸು ಬಣ್ಣ ಕೊಟ್ಟ ಬೇರೆ ಲೋಹ ಇರಬಹುದು. ಬೆವರು ನಿಲ್ಲುವ ಜಾಗ, ಅಂದರೆ ಬೆಲ್ಟು ಸೇರುವ ಕಿವಿಗಳ ಒಳಬದಿ, ಮೊದಲು ಸಿಪ್ಪೆ ಏಳುತ್ತದೆ. ಕೇಸೂ ಸ್ಟೀಲೇ ಇರುವ ಮಾಡೆಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಧೂಳು ಕೂತ ಗ್ಲಾಸನ್ನು ಒಣ ಬಟ್ಟೆಯಿಂದ ಉಜ್ಜಬೇಡಿ. ಮರಳಿನ ಕಣ ಗಾಜಿಗಿಂತ ಗಟ್ಟಿ, ಗೀರು ಬೀಳುತ್ತದೆ. ಊದಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ತೆಗೆಯಿರಿ. ಜನತಾ, ಎರಡೂ ಕ್ಯಾಸಿಯೊಗಳದು ಪ್ಲಾಸ್ಟಿಕ್ ಗ್ಲಾಸು. ಸಣ್ಣ ಗೀರು ಟೂತ್‌ಪೇಸ್ಟ್‌ನಲ್ಲಿ ಉಜ್ಜಿದರೆ ಹೋಗುತ್ತದೆ.

ಸೆಲ್ ಲೆಕ್ಕದಲ್ಲಿ ಎಫ್-91ಡಬ್ಲ್ಯೂ ಮುಂದು: ಒಂದು ಸಿಆರ್2016 ಸುಮಾರು 7 ವರ್ಷ ಬರುತ್ತದೆ. ಎಂಆರ್‌ಡಬ್ಲ್ಯೂಗೆ ಎಸ್‌ಆರ್626ಎಸ್‌ಡಬ್ಲ್ಯೂ, ಸುಮಾರು 3 ವರ್ಷ. ಅಂಗಡಿಯಲ್ಲಿ ಇದರ ಬದಲು ಅದೇ ಅಳತೆಯ ಎಲ್‌ಆರ್626 ಹಾಕಿಬಿಡುತ್ತಾರೆ. ಅದು ಅಗ್ಗ, ಬೇಗ ಇಳಿಯುತ್ತದೆ, ಸೋರಿದರೆ ಸರ್ಕ್ಯೂಟ್ ತಿನ್ನುತ್ತದೆ. ಸೆಲ್ ಮೇಲಿನ ಅಕ್ಷರ ಓದಿಯೇ ಹಾಕಿಸಿ. ನಿಂತ ವಾಚಿನಲ್ಲಿ ಹಳೇ ಸೆಲ್ ಬಿಡಬೇಡಿ.

ಎಫ್-91ಡಬ್ಲ್ಯೂ ಸೆಲ್ ಮನೆಯಲ್ಲೇ ಬದಲಿಸಬಹುದು. ಹಿಂದೆ ನಾಲ್ಕು ಸ್ಕ್ರೂ. ಮುಚ್ಚಳ ತೆಗೆದಾಗ ಸಾಸಿವೆಗಿಂತ ತುಸು ಉದ್ದದ ಒಂದು ಸ್ಪ್ರಿಂಗ್ ಜಾರಬಹುದು. ಕಳೆದರೆ ಅಲಾರಂ ಸದ್ದೇ ಬರದು. ಹೊಸ ಸೆಲ್ ಕೂರಿಸಿ, ಒಳಗೆ ಎಸಿ (AC) ಎಂದು ಬರೆದಿರುವ ಬಿಂದುವಿಗೂ ಸೆಲ್‌ನ ಪ್ಲಸ್ ಬದಿಗೂ ಚಿಮಟದ ತುದಿ ಒಂದೆರಡು ಸೆಕೆಂಡು ತಾಗಿಸಿ. ಇದನ್ನು ಬಿಟ್ಟರೆ ಪರದೆ ಖಾಲಿ ಉಳಿಯಬಹುದು, ವಾಚು ಕೆಟ್ಟಿತೆಂದು ಎಸೆದವರಿದ್ದಾರೆ. ವಾಷರ್ ಅದರ ಕಾಲುವೆಯಲ್ಲಿ ಕೂತಿದೆಯೇ ನೋಡಿ ಮುಚ್ಚಿ.

ಹೊಲ, ಮಂಡಿ, ನೀರಿನ ಕೆಲಸಕ್ಕೆ ನಮ್ಮ ಆಯ್ಕೆ ಎಂಆರ್‌ಡಬ್ಲ್ಯೂ. ಓದುವ ಮಕ್ಕಳಿಗೆ, ಕಡಿಮೆ ದುಡ್ಡಿಗೆ ಎಫ್-91ಡಬ್ಲ್ಯೂ. ಕತ್ತಲಲ್ಲಿ ಅದರ ದೀಪ ಮಂಕು, ಅಷ್ಟೇ ಕೊರತೆ. ಆಫೀಸಿಗೆ ಸ್ಟೀಲ್ ಕೇಸಿನ ಸೊನಾಟಾ. ಜನತಾ ಬೇಕೇ ಬೇಕು ಎನ್ನುವವರು ಹಿಂಬದಿ ತೆರೆಸಿ, ಮಶೀನಿನ ಮೇಲೆ ಎಚ್‌ಎಂಟಿ ಗುರುತು ನೋಡಿಯೇ ಕೊಳ್ಳಿ. ಬೇರೆ ಬೇರೆ ವಾಚಿನ ಭಾಗ ಸೇರಿಸಿ, ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ಮಾರುವುದು ಬಹಳ.