ಸರ್ವನಾಮಕ್ಕೆ ಸುತ್ತು ಹಾಕಿಸುವುದೋ, ಎರಡು ನಿಮಿಷ ಯೋಚಿಸಲು ಬಿಡುವುದೋ?

ಮಾನಸಗಂಗೋತ್ರಿಯಲ್ಲೋ ಮಂಡ್ಯದ ಕಾಲೇಜಿನಲ್ಲೋ ‘ನಾನು–ನಾವು’ ಮನೋಭಾವದ ಮೇಲೆ, ಅಂದರೆ ಜನ ತಮ್ಮನ್ನು ಬೇರೆಯೇ ವ್ಯಕ್ತಿ ಎಂದು ನೋಡುತ್ತಾರೋ ಗುಂಪಿನ ಭಾಗ ಎಂದು ನೋಡುತ್ತಾರೋ ಎಂಬುದರ ಮೇಲೆ, ಮನಶ್ಶಾಸ್ತ್ರದ ಪ್ರಾಜೆಕ್ಟ್ ಮಾಡುವವರು ಆ ಭಾವವನ್ನು ಸ್ವಲ್ಪ ಹೊತ್ತು ಎಬ್ಬಿಸಲು ಹೆಚ್ಚಾಗಿ ಈ ಎರಡರಲ್ಲೊಂದನ್ನು ಆರಿಸಬೇಕಾಗುತ್ತದೆ.

ಮೊದಲನೆಯದರಲ್ಲಿ ಪೇಟೆಗೆ ಹೋಗಿಬಂದ ಬಗ್ಗೆ ಒಂದು ಪ್ಯಾರಾ ಕೊಟ್ಟು ಸರ್ವನಾಮಗಳಿಗೆಲ್ಲ ಸುತ್ತು ಹಾಕಿಸುತ್ತಾರೆ. ಒಂದು ಗುಂಪಿನ ಹಾಳೆಯಲ್ಲಿ ‘ನಾನು, ನನ್ನ’, ಇನ್ನೊಂದರಲ್ಲಿ ‘ನಾವು, ನಮ್ಮ’. ಇಂಗ್ಲಿಷಿನಲ್ಲಿ ಸಲೀಸು, ಕನ್ನಡದಲ್ಲಿ ಎಡವುತ್ತದೆ. ‘ಸಂತೆಗೆ ಹೋದೆ, ಬೆಲ್ಲ ತಂದೆ’ ಅಂದರೆ ಸಾಕು, ಕ್ರಿಯಾಪದವೇ ‘ನಾನು’ ಅನ್ನುವುದನ್ನು ಹೇಳಿಬಿಡುತ್ತದೆ. ಪ್ರತಿ ವಾಕ್ಯಕ್ಕೂ ‘ನಾನು’ ತುರುಕಿದರೆ ಓದುವವರಿಗೆ ಅನುಮಾನ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ‘ನಮ್ಮ’. ಒಬ್ಬಳೇ ಮಗಳೂ ‘ನಮ್ಮಮ್ಮ’ ಅಂತಲೇ ಅನ್ನುವುದು. ಆ ಪದದಿಂದ ಸಮೂಹಭಾವ ಎದ್ದಿತು ಎನ್ನಲಾಗದು.

ಎರಡನೆಯದು ಟ್ರಾಫಿಮೊ, ಟ್ರಯಾಂಡಿಸ್, ಗೋಟೊ ಎಂಬ ಸಂಶೋಧಕರು 1991ರಲ್ಲಿ ಬಳಸಿದ್ದು. ಮನೆಯವರು, ಗೆಳೆಯರಿಗಿಂತ ತಾವು ಹೇಗೆ ಬೇರೆ ಎಂದು ಒಂದು ಗುಂಪು, ಅವರೊಂದಿಗೆ ಏನು ಸಮಾನ ಎಂದು ಇನ್ನೊಂದು ಗುಂಪು 2 ನಿಮಿಷ ಯೋಚಿಸಬೇಕು. ವ್ಯಾಕರಣದ ಗೋಜಿಲ್ಲ. ಕನ್ನಡಕ್ಕೆ ಇದೇ ಸರಿ. ಸುಮ್ಮನೆ ಕೂತುಬಿಡುವವರೂ ಇರುತ್ತಾರೆ, ಹಾಗಾಗಿ ಬರೆಸಿಬಿಡಿ. ಗುಂಪನ್ನು ಬೆಂಚಿನ ಪ್ರಕಾರ ಮಾಡಬೇಡಿ, ಗೆಳೆಯರು ಒಟ್ಟಿಗೇ ಕೂತಿರುತ್ತಾರೆ, ಚೀಟಿ ಎತ್ತಿಸಿ.

ಯಾವುದನ್ನೇ ಆರಿಸಿದರೂ ಅಳತೆಗೆ ‘ನಾನು ಯಾರು?’ ಎಂಬುದಕ್ಕೆ 20 ಉತ್ತರ ಬರೆಸಿ. ‘ಮಾತು ಕಡಿಮೆ’ ಅನ್ನುವುದು ‘ನಾನು’ ಬಗೆ, ‘ಪಾಂಡವಪುರದವಳು’ ಅನ್ನುವುದು ‘ನಾವು’ ಬಗೆ. ವಿಂಗಡಿಸುವ ಇಬ್ಬರಿಗೂ ಯಾವ ಹಾಳೆ ಯಾವ ಗುಂಪಿನದೆಂದು ಗೊತ್ತಿರಬಾರದು. ಬರೀ ಈ 20 ಉತ್ತರ ಬರೆಸಿ ಬೇರೇನೂ ಮಾಡಿಸದ ಮೂರನೇ ಗುಂಪು ಇಲ್ಲದಿದ್ದರೆ, ಸರಿದದ್ದು ‘ನಾನು’ ಗುಂಪೋ ‘ನಾವು’ ಗುಂಪೋ ಎಂದೇ ತಿಳಿಯದು. ಎರಡು ಗುಂಪುಗಳ ಸರಾಸರಿಯ ಅಂತರವನ್ನು ಉತ್ತರಗಳ ಸಹಜ ಏರಿಳಿತಕ್ಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) ಹೋಲಿಸಿ ಅಳೆಯುವ ಪರಿಣಾಮ ಮಧ್ಯಮ (0.5) ಎಂದುಕೊಂಡರೂ ಗುಂಪಿಗೆ 64 ಜನ ಬೇಕು, 0.3 ಆದರೆ ಸುಮಾರು 176. ಒಂದು ತರಗತಿಯ 30 ಜನ ಸಾಲುವುದಿಲ್ಲ.